ಮಂಡಿನೋವು ಹೋಗಿ ಹೋಗಿ ಮತ್ತೆ ಬರುವುದು ಯಾಕೆ? ಜಾಗ, ಕಾರಣ, ವ್ಯಾಯಾಮ, ಔಷಧಿ

ಗೋಡಂಬಿ_ತೋಪು
ಅಮ್ಮನ ವಿಷಯವಾಗಿ ಕೇಳುತ್ತಿದ್ದೇನೆ. ವಯಸ್ಸು 54, ಎತ್ತರ 155 ಸೆಂ.ಮೀ., ತೂಕ 72 ಕೆ.ಜಿ. ಬಲಮಂಡಿಯ ಒಳಬದಿ ನೋವು. ಹದಿನೈದು ದಿನ ಮಾತ್ರೆ ತೆಗೆದುಕೊಂಡರೆ ಹೋಗುತ್ತದೆ, ಎರಡು ತಿಂಗಳಿಗೆ ಮತ್ತೆ ಹಾಜರ್. ಬೆಳಗ್ಗೆ ಎದ್ದಾಗ ಹತ್ತು ನಿಮಿಷ ಬಿಗಿತ, ಮೆಟ್ಟಿಲು ಇಳಿಯುವಾಗ ಹೆಚ್ಚು, ಸಂಜೆಗೆ ಸ್ವಲ್ಪ ಊತ. ಎಕ್ಸ್‌ರೇ ನೋಡಿ "ಗ್ಯಾಪ್ ಕಡಿಮೆಯಾಗಿದೆ, ಗ್ರೇಡ್ 2, ಗ್ರೀಸ್ ಖಾಲಿ" ಅಂದಿದ್ದಾರೆ. ನಡಿಗೆ ನಿಲ್ಲಿಸಬೇಕೇ? ಎಂಆರ್‌ಐ ಬೇಕೇ? ಮಾತ್ರೆ ಬಿಟ್ಟು ಬೇರೆ ದಾರಿ ಏನು? ವಿಷಯ ಗೊತ್ತಿರುವವರು ವಿವರವಾಗಿ ಹೇಳಿ.

ಕೀಲುಮೂಳೆ_ಧಾರವಾಡ
ಮೊದಲು "ಗ್ರೀಸ್ ಖಾಲಿ" ಅನ್ನುವ ಮಾತನ್ನು ಬದಿಗಿಡೋಣ. ಕೀಲಿನೊಳಗಿನ ದ್ರವ ಬೇರಿಂಗಿಗೆ ಹಾಕಿದ ಗ್ರೀಸಿನಂತೆ ಖರ್ಚಾಗಿ ಮುಗಿಯುವ ವಸ್ತುವಲ್ಲ. ಕೀಲಿನ ಒಳಪೊರೆ ಅದನ್ನು ಸದಾ ಮಾಡುತ್ತಲೇ ಇರುತ್ತದೆ. ಸಂಜೆ ಊತ ಬರುತ್ತಿದೆ ಅಂದರೆ ಆ ದ್ರವ ಕಡಿಮೆಯಲ್ಲ, ಹೆಚ್ಚಾಗಿದೆ.

ಎಕ್ಸ್‌ರೇಯಲ್ಲಿ ಕಾಣುವ "ಗ್ಯಾಪ್" ಖಾಲಿ ಜಾಗ ಅಲ್ಲ, ಮೃದ್ವಸ್ಥಿ, ಅಂದರೆ ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪಾದ ಪದರ. ಮೃದ್ವಸ್ಥಿ ಎಕ್ಸ್‌ರೇಗೆ ಕಾಣದ ಕಾರಣ ಎರಡು ಮೂಳೆಗಳ ನಡುವೆ ಸಂದು ಇದ್ದಂತೆ ತೋರುತ್ತದೆ. ಅದರ ಅಳತೆ ಸರಿಯಾಗಿ ಸಿಗಬೇಕಾದರೆ ನಿಂತುಕೊಂಡೇ ಎಕ್ಸ್‌ರೇ ತೆಗೆಸಬೇಕು. ಮಲಗಿಸಿ ತೆಗೆದ ಚಿತ್ರದಲ್ಲಿ ಮೈಭಾರ ಬಿದ್ದಿರುವುದಿಲ್ಲ, ಸಂದು ಇರುವುದಕ್ಕಿಂತ ಅಗಲವಾಗಿ ಕಂಡುಬಿಡುತ್ತದೆ. ಚೀಟಿ ಬರೆಸುವಾಗಲೇ "ನಿಂತ ಭಂಗಿ, ಎರಡೂ ಮಂಡಿ" ಎಂದು ಬರೆಸಿ. ಮಂಡಿಚಿಪ್ಪಿನ ಹಿಂದೆ ನೋವಿದ್ದರೆ ಮಂಡಿ ಮಡಚಿ ಮೇಲಿನಿಂದ ತೆಗೆಯುವ ಸ್ಕೈಲೈನ್ ಚಿತ್ರವೂ ಬೇಕು.

ಸವೆತ ಎಷ್ಟೆಂದು ಹೇಳುವ ಗ್ರೇಡ್ 0ಯಿಂದ 4ರವರೆಗೆ ಇರುತ್ತದೆ. ಗ್ರೇಡಿಗೂ ನೋವಿಗೂ ನೇರ ಲೆಕ್ಕ ಇಲ್ಲ. ಗ್ರೇಡ್ 3 ಇದ್ದೂ ಹೊಲದಲ್ಲಿ ದಿನವಿಡೀ ದುಡಿಯುವವರಿದ್ದಾರೆ, ಗ್ರೇಡ್ 1ಕ್ಕೇ ನಿದ್ದೆಗೆಡುವವರೂ ಇದ್ದಾರೆ. 45 ದಾಟಿದವರಿಗೆ ಓಡಾಟದಿಂದ ಹೆಚ್ಚುವ ನೋವು, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಕಡಿಮೆ, ಬೇರೆ ಅಪಾಯದ ಲಕ್ಷಣ ಯಾವುದೂ ಇಲ್ಲ ಎಂದಾದರೆ ಅಸ್ಥಿಸಂಧಿವಾತ, ಅಂದರೆ ಕೀಲಿನ ಸವೆತ, ಎನ್ನಲು ಎಕ್ಸ್‌ರೇ ಕೂಡ ಕಡ್ಡಾಯವಲ್ಲ. ನಿಮ್ಮ ತಾಯಿಯವರ ವಿವರ ಇದಕ್ಕೆ ಹೊಂದುತ್ತದೆ. ಆದರೂ ಬೆರಳಿಟ್ಟು ಜಾಗ ನೋಡದೆ ತೀರ್ಮಾನ ಬೇಡ.

ಫಿಸಿಯೋ_ಶಿವಮೊಗ್ಗ
ಡಾಕ್ಟ್ರು ಹೇಳಿದ ಆ ಬೆರಳಿಡುವ ಕೆಲಸ ಮನೆಯಲ್ಲೇ ಮಾಡಬಹುದು. ಕುರ್ಚಿಯ ಮೇಲೆ ಕೂರಿಸಿ, ಮಂಡಿ 90 ಡಿಗ್ರಿ ಮಡಚಿರಲಿ. "ನೋವು ಎಲ್ಲಿ, ಒಂದೇ ಬೆರಳಲ್ಲಿ ತೋರಿಸಿ" ಅನ್ನಿ. ಒಂದೇ ಬೆರಳಲ್ಲಿ ತೋರಿಸಿದರೆ ಅರ್ಧ ಉತ್ತರ ಸಿಕ್ಕಂತೆ. ಅಂಗೈಯಿಂದ ಇಡೀ ಮಂಡಿ ಸವರಿದರೆ ಕೀಲಿನ ಒಳಗಿನದೋ, ಮಂಡಿಚಿಪ್ಪಿನ ಹಿಂದಿನದೋ, ಬೇರೆಡೆಯಿಂದ ಇಳಿದು ಬಂದ ನೋವೋ ಇರಬಹುದು.

ಒಳಬದಿಯಲ್ಲಿ, ಎರಡು ಮೂಳೆ ಸೇರುವ ಗೆರೆಯ ಮೇಲೇ ಒತ್ತಿದಾಗ ನೋವು: ಒಳಗಿನ ಮೆನಿಸ್ಕಸ್ (ಎರಡು ಮೂಳೆಗಳ ನಡುವಿನ ಮೆತ್ತೆ) ಅಥವಾ ಸವೆತದ ಸಂಧಿವಾತ. ಆ ಗೆರೆಯಿಂದ ಸುಮಾರು 5 ಸೆಂ.ಮೀ. ಕೆಳಗೆ, ಕಾಲಿನ ಮೂಳೆಯ ಒಳಮೈಯಲ್ಲಿ ಒತ್ತಿದರೆ "ಅಯ್ಯೋ" ಅನ್ನುವಂಥ ನೋವು: ಅಲ್ಲಿ ತೊಡೆಯ ಮೂರು ಸ್ನಾಯುರಜ್ಜುಗಳು ಬಂದು ಅಂಟಿಕೊಳ್ಳುತ್ತವೆ, ಅವುಗಳ ಕೆಳಗಿನ ದ್ರವಚೀಲ ಉರಿದಿರುತ್ತದೆ. ಮೈಭಾರ ಇರುವ, ಸಕ್ಕರೆ ಕಾಯಿಲೆ ಇರುವ ಮಧ್ಯವಯಸ್ಸಿನ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಸವೆತ ಅಂತ ತಪ್ಪಾಗಿ ಲೆಕ್ಕಹಾಕುವುದೂ ಅಷ್ಟೇ ಸಾಮಾನ್ಯ. ರಾತ್ರಿ ಮಗ್ಗುಲಲ್ಲಿ ಮಲಗಿದಾಗ ಒಂದು ಮಂಡಿ ಇನ್ನೊಂದಕ್ಕೆ ತಾಗಿ ನೋಯುತ್ತದೆ ಎಂದರೆ ಮೊದಲ ಅನುಮಾನ ಇದರ ಮೇಲೆ. ತೊಡೆಗಳ ನಡುವೆ ದಿಂಬು ಇಟ್ಟು ಮಲಗಿದರೆ ಅಂದೇ ವ್ಯತ್ಯಾಸ ತಿಳಿಯುತ್ತದೆ.

ಮುಂಭಾಗ, ಚಿಪ್ಪಿನ ಹಿಂದೆ ಅಥವಾ ಸುತ್ತ, ಮೆಟ್ಟಿಲು ಇಳಿಯುವಾಗ, ಕುಕ್ಕರುಗಾಲಲ್ಲಿ ಕೂತಾಗ, ಬಸ್ಸಿನಲ್ಲಿ ಎರಡು ಗಂಟೆ ಮಂಡಿ ಮಡಚಿ ಕೂತು ಎದ್ದಾಗ: ಚಿಪ್ಪು ಮತ್ತು ತೊಡೆಮೂಳೆಯ ನಡುವಿನ ತಿಕ್ಕಾಟ. ಚಿಪ್ಪಿನ ಕೆಳತುದಿಯಲ್ಲಿ ಬೆರಳ ತುದಿಯಷ್ಟೇ ಜಾಗ, ಹಾರಿದಾಗ ನೋವು: ಚಿಪ್ಪಿನ ಕೆಳಗಿನ ಸ್ನಾಯುರಜ್ಜು. 10ರಿಂದ 15 ವರ್ಷದ ಆಟಗಾರ ಮಕ್ಕಳಲ್ಲಿ ಇನ್ನೂ ಕೆಳಗೆ, ಕಾಲಮೂಳೆಯ ಉಬ್ಬಿನ ಮೇಲೆ ನೋವಿದ್ದರೆ ಅದು ಬೆಳೆಯುವ ಮೂಳೆಯ ತುದಿಯ ಎಳೆತ. ಬೆಳವಣಿಗೆ ಮುಗಿದಾಗ ತಾನೇ ನಿಲ್ಲುತ್ತದೆ, ಅಲ್ಲಿಯವರೆಗೆ ಹಾರಾಟ ಕಡಿಮೆ ಮಾಡಿಸಿದರೆ ಸಾಕು.

ಹೊರಬದಿಯಲ್ಲಿ, ಓಡಲು ಶುರುಮಾಡಿ ಕೆಲವು ಕಿ.ಮೀ. ಆದಮೇಲೆ ಒಂದೇ ದೂರಕ್ಕೆ ಸರಿಯಾಗಿ ಕಾಣಿಸುವ ಉರಿ: ತೊಡೆಯ ಹೊರಪಟ್ಟಿಯ ತೊಂದರೆ. ಹಿಂದೆ, ಮಡಿಕೆಯಲ್ಲಿ ತುಂಬಿದಂತಾಗಿ ಗಡ್ಡೆಯಂತೆ ಕೈಗೆ ಸಿಕ್ಕರೆ ಬೇಕರ್ ಗಂಟು. ಅದು ಬೇರೆ ರೋಗವಲ್ಲ, ಒಳಗಿನ ಊತದ ನೀರು ಹಿಂದಕ್ಕೆ ಚೀಲ ಕಟ್ಟಿದ್ದು. ಮೂಲದ ಊತ ಇಳಿಯದೆ ಗಂಟನ್ನಷ್ಟೇ ತೆಗೆದರೆ ಮತ್ತೆ ತುಂಬುತ್ತದೆ.

ಗೋಡಂಬಿ_ತೋಪು
ಮೇಡಂ, ನೋಡಿದೆ. ಮೂಳೆ ಸೇರುವ ಗೆರೆಯ ಮೇಲೂ ನೋವಿದೆ, ಕೆಳಗಿನ ಆ ಜಾಗದಲ್ಲಿ ಇನ್ನೂ ಹೆಚ್ಚು. ಎದ್ದಾಗ ಕಟಕಟ ಸದ್ದೂ ಬರುತ್ತದೆ.

ಫಿಸಿಯೋ_ಶಿವಮೊಗ್ಗ
ಎರಡೂ ಒಟ್ಟಿಗೆ ಇರುವುದು ಅಪರೂಪವೇನಲ್ಲ. ಸಂಧಿವಾತ ಇದ್ದ ಮಂಡಿಯಲ್ಲಿ ಆ ದ್ರವಚೀಲವೂ ಉರಿಯುತ್ತದೆ. ಮೂಲ ಚಿಕಿತ್ಸೆಯೂ ಹೆಚ್ಚು ಕಡಿಮೆ ಒಂದೇ. ನೋವಿಲ್ಲದ ಸದ್ದಿಗೆ ಹೆದರಬೇಡಿ. ಸದ್ದಿನ ಭಯಕ್ಕೆ ಮಂಡಿ ಮಡಚುವುದನ್ನೇ ಬಿಟ್ಟು ತೊಡೆ ಸೊರಗಿಸಿಕೊಳ್ಳುವವರನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ. ಸದ್ದಿನ ಜತೆ ಮಂಡಿ ಸಿಕ್ಕಿಹಾಕಿಕೊಂಡು ಪೂರ್ತಿ ನೆಟ್ಟಗಾಗದಿದ್ದರೆ ಮಾತ್ರ ತಡಮಾಡದೆ ತೋರಿಸಿ.

ರಿಂಗ್_ರೋಡ್_ಓಟ
ಎಂಆರ್‌ಐ ಮಾಡಿಸಿಬಿಟ್ಟರೆ ಒಂದೇ ಸಲಕ್ಕೆ ಎಲ್ಲ ಗೊತ್ತಾಗುತ್ತದಲ್ಲವೇ? ಅರ್ಧಂಬರ್ಧ ಊಹೆ ಯಾಕೆ?

ಕೀಲುಮೂಳೆ_ಧಾರವಾಡ
ಇಲ್ಲೇ ಬಹಳ ಜನ ದಾರಿ ತಪ್ಪುವುದು. 50 ದಾಟಿದವರ ಮಂಡಿಯ ಎಂಆರ್‌ಐಯಲ್ಲಿ ಮೆನಿಸ್ಕಸ್ ಹರಿದಂತೆ ಕಾಣುವುದು ತಲೆಗೂದಲು ನರೆತಷ್ಟೇ ಸಹಜ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಜನಸಾಮಾನ್ಯರ ಮಂಡಿಗಳನ್ನು ಸ್ಕ್ಯಾನ್ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆನಿಸ್ಕಸ್ ಹರಿದಿದ್ದವರ ಪೈಕಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಯಾವ ನೋವೂ ಇರಲಿಲ್ಲ. ವರದಿಯಲ್ಲಿ "ಹರಿದಿದೆ" ಎಂದು ಓದಿ ಭಯಬಿದ್ದು ಆಪರೇಷನ್ ಟೇಬಲ್ ಹತ್ತಿದರೆ, ನೋವಿಗೆ ಕಾರಣವೇ ಅಲ್ಲದ್ದನ್ನು ಕತ್ತರಿಸಿಕೊಂಡಂತಾಗುತ್ತದೆ.

ಆ ಕತ್ತರಿಸುವುದರ ಫಲವನ್ನೂ ಅಳೆದು ನೋಡಿದ್ದಾರೆ. 2002ರಲ್ಲಿ ಅಮೆರಿಕದಲ್ಲಿ ಸಂಧಿವಾತದ ಮಂಡಿಯೊಳಗೆ ಸಣ್ಣ ದೂರ್ಬೀನು ಹಾಕಿ ತೊಳೆಸಿಕೊಂಡವರನ್ನೂ, ಚರ್ಮಕ್ಕಷ್ಟೇ ಗಾಯಮಾಡಿ ಹೊಲಿಗೆ ಹಾಕಿಸಿಕೊಂಡವರನ್ನೂ ಹೋಲಿಸಿದರು. 2013ರಲ್ಲಿ ಫಿನ್‌ಲೆಂಡಿನಲ್ಲಿ, ವಯಸ್ಸಿನಿಂದ ಹರಿದ ಮೆನಿಸ್ಕಸ್ ಕತ್ತರಿಸಿಕೊಂಡವರನ್ನು, ಕತ್ತರಿಸಿದಂತೆ ನಟನೆಯಷ್ಟೇ ಮಾಡಿಸಿಕೊಂಡವರೊಂದಿಗೆ ಹೋಲಿಸಿದರು. ಎರಡರಲ್ಲೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಎಂಆರ್‌ಐ ಯಾವಾಗ? ಆಟದಲ್ಲಿ ಕಾಲು ತಿರುಚಿ "ಟಪ್" ಎಂದು ಸದ್ದಾಗಿ ಎರಡು ಗಂಟೆಯೊಳಗೆ ಮಂಡಿ ಊದಿಕೊಂಡರೆ ಒಳಗೆ ರಕ್ತ ತುಂಬಿದೆ ಎಂದರ್ಥ, ಮುಂದಿನ ಅಡ್ಡರಜ್ಜು ಹರಿದಿರಬಹುದು, ಮೂಳೆಯೂ ಬಿರುಕುಬಿಟ್ಟಿರಬಹುದು. ಮಾರನೆಯ ದಿನ ನಿಧಾನಕ್ಕೆ ಊದಿದರೆ ಮೆನಿಸ್ಕಸ್ ಅನುಮಾನ. ಮಂಡಿ ಸಿಕ್ಕಿಹಾಕಿಕೊಂಡಾಗ, ನಡೆಯುವಾಗ ಕಾಲು ಕೈಕೊಟ್ಟು ಬೀಳುವಂತಾದಾಗ, ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಇಳಿಯದಾಗ ಕೂಡ ಬೇಕು.

ಫಿಸಿಯೋ_ಶಿವಮೊಗ್ಗ
ಈಗ "ಸರಿಯಾಗಿ ವ್ಯಾಯಾಮ" ಅಂದರೆ ಏನು ಅಂತ ಬರೆಯುತ್ತೇನೆ. "ವ್ಯಾಯಾಮ ಮಾಡಿದೆ, ಪ್ರಯೋಜನ ಆಗಲಿಲ್ಲ" ಅನ್ನುವವರಲ್ಲಿ ಬಹುಪಾಲು ಜನ ಮಾಡಿದ್ದು ಹತ್ತು ದಿನ, ಅದೂ ಕಾಲು ಆಡಿಸಿದ್ದಷ್ಟೇ. ಸ್ನಾಯು ಗಟ್ಟಿಯಾಗಲು 8ರಿಂದ 12 ವಾರ ಬೇಕು. ಪ್ರಮಾಣ ಏರುತ್ತ ಹೋಗಬೇಕು. ಮಾತ್ರೆಗೆ ಮಿಲಿಗ್ರಾಂ ಇದ್ದಂತೆ ಇದಕ್ಕೂ ಲೆಕ್ಕ ಇದೆ.

ಮೊದಲ ಎರಡು ವಾರ, ಊತ ಇರುವಾಗ: ಕಾಲು ಚಾಚಿ ಕೂತು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಟವೆಲನ್ನು ಕೆಳಕ್ಕೆ ಒತ್ತುತ್ತ ತೊಡೆ ಬಿಗಿಮಾಡಿ 5 ಸೆಕೆಂಡ್ ಹಿಡಿಯಿರಿ. 10 ಸಲ, ದಿನಕ್ಕೆ 3 ಹೊತ್ತು. ಆಮೇಲೆ ಬೆನ್ನ ಮೇಲೆ ಮಲಗಿ, ಇನ್ನೊಂದು ಕಾಲು ಮಡಚಿ, ನೋವಿನ ಕಾಲನ್ನು ನೆಟ್ಟಗೆ ಒಂದು ಅಡಿ ಎತ್ತಿ 5 ಸೆಕೆಂಡ್. 10 ಸಲದ ಮೂರು ಸುತ್ತು. ಎತ್ತುವಾಗ ಮಂಡಿ ಸ್ವಲ್ಪವೂ ಮಡಚಬಾರದು. ಮಡಚಿಕೊಂಡರೆ ತೊಡೆಗೆ ಇನ್ನೂ ಶಕ್ತಿ ಬಂದಿಲ್ಲ ಎಂದರ್ಥ, ಟವೆಲ್ ಹಂತಕ್ಕೇ ಮರಳಿ.

ಮೂರನೇ ವಾರದಿಂದ ಕುರ್ಚಿಯಿಂದ ಎದ್ದು ಕೂರುವುದು. ಇಡೀ ಕಾರ್ಯಕ್ರಮದಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ. ಗೋಡೆಗೆ ತಾಗಿಸಿಟ್ಟ, ಜಾರದ ಕುರ್ಚಿ. ಕೈ ಎದೆಗೆ ಕಟ್ಟಿ, ಪಾದ ಭುಜದಷ್ಟು ಅಗಲ, ಮೂರು ಎಣಿಸುತ್ತ ಏಳುವುದು, ಮೂರು ಎಣಿಸುತ್ತ ಕೂರುವುದು. 8ರಿಂದ 10 ಸಲ, 3 ಸುತ್ತು, ವಾರಕ್ಕೆ 3 ದಿನ, ನಡುವೆ ಒಂದು ದಿನ ಬಿಡುವು. ನೋವಾದರೆ ಕುರ್ಚಿಯ ಮೇಲೆ ಎರಡು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ, ವಾರ ವಾರಕ್ಕೆ ಒಂದೊಂದು ತೆಗೆಯಿರಿ. 12 ಸಲದ ಮೂರು ಸುತ್ತು ಸುಲಭವಾದ ಮೇಲೆ 1 ಕೆ.ಜಿ. ಉಪ್ಪಿನ ಪೊಟ್ಟಣ ಎದೆಗವುಚಿ ಮಾಡಿ, ಆಮೇಲೆ 2.

ಜತೆಗೆ ಸೊಂಟದ ಪಕ್ಕದ ಸ್ನಾಯು. ಮಗ್ಗುಲಾಗಿ ಮಲಗಿ, ಮಂಡಿ ಮಡಚಿ, ಹಿಮ್ಮಡಿ ಕೂಡಿಸಿಕೊಂಡೇ ಮೇಲಿನ ಮಂಡಿಯನ್ನು ಕಪ್ಪೆಚಿಪ್ಪಿನಂತೆ ತೆರೆಯುವುದು, 12 ಸಲ, 3 ಸುತ್ತು. ಬೆನ್ನ ಮೇಲೆ ಮಲಗಿ ಸೊಂಟ ಎತ್ತುವ ಸೇತುವೆ, 10 ಸಲ, 3 ಸುತ್ತು. ಈ ಸ್ನಾಯು ಸಡಿಲವಾದರೆ ಮೆಟ್ಟಿಲಿಳಿಯುವಾಗ ಮಂಡಿ ಒಳಕ್ಕೆ ಬಾಗುತ್ತದೆ. ಮಂಡಿಗೆ ಎಷ್ಟು ಎಣ್ಣೆ ತಿಕ್ಕಿದರೂ ಅದು ಸರಿಹೋಗುವುದಿಲ್ಲ. ಆರನೇ ವಾರದಿಂದ 4 ಇಂಚಿನ ಮೆಟ್ಟಿಲು ಹತ್ತಿ ಇಳಿಯುವುದು, ಆಮೇಲೆ 6 ಇಂಚು.

ನೋವಿನ ಲೆಕ್ಕ: 10ಕ್ಕೆ 4ರವರೆಗೆ ನೋವಾದರೆ ಮುಂದುವರಿಸಬಹುದು. ಮಾರನೆಯ ಬೆಳಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ, ಊತ ಹೆಚ್ಚಿದ್ದರೆ, ಪ್ರಮಾಣ ಅರ್ಧ ಮಾಡಿ, ನಿಲ್ಲಿಸಬೇಡಿ.

ತಪ್ಪಾಗುವುದು ಎಲ್ಲಿ? ಎದ್ದೇಳುವಾಗ ಮಂಡಿ ಒಂದಕ್ಕೊಂದು ಹತ್ತಿರ ಬರುವುದು, ಕೊನೆಯಲ್ಲಿ ಧೊಪ್ಪನೆ ಕುರ್ಚಿಗೆ ಬೀಳುವುದು, ಉಸಿರು ಬಿಗಿಹಿಡಿಯುವುದು, ನೋವಿಲ್ಲದ ಕಾಲಿನ ಮೇಲೇ ಭಾರ ಹಾಕುವುದು. ಎಲ್ಲಕ್ಕಿಂತ ದೊಡ್ಡದು, ನೋವು ಹೋದ ದಿನವೇ ವ್ಯಾಯಾಮ ಬಿಡುವುದು. ನಿಮ್ಮ ತಲೆಬರಹದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮಾತ್ರೆ ನೋವನ್ನು ತಗ್ಗಿಸಿತು, ತೊಡೆ ಹಾಗೇ ಸೊರಗಿದೆ, ಎರಡು ತಿಂಗಳಿಗೆ ಒಂದು ಮದುವೆಮನೆಯ ಓಡಾಟ ಬಂದರೆ ಸಾಕು, ನೋವು ಮರಳುತ್ತದೆ.

ರಿಂಗ್_ರೋಡ್_ಓಟ
ಎಂಆರ್‌ಐ ಬಗ್ಗೆ ಹೇಳಿದ್ದು ಒಪ್ಪಿದೆ ಡಾಕ್ಟ್ರೇ. ಓಡುವವರು, ಸೈಕಲ್ ಹೊಡೆಯುವವರ ಬಗ್ಗೆ ನಾನು ಸೇರಿಸುತ್ತೇನೆ. ಓಟದಿಂದ ಮಂಡಿ ಸವೆಯುತ್ತದೆ ಅನ್ನುವುದಕ್ಕಿಂತ, ದಿಢೀರನೆ ಹೆಚ್ಚಿಸಿದ್ದರಿಂದ ನೋಯುತ್ತದೆ ಅನ್ನುವುದು ಸರಿ. ವಾರಕ್ಕೆ 10 ಕಿ.ಮೀ. ಓಡುತ್ತಿದ್ದವರು ಯಾವುದೋ ಓಟಕ್ಕೆ ಹೆಸರು ಕೊಟ್ಟು ಮುಂದಿನ ವಾರವೇ 20 ಓಡಿದರೆ ಹೊರಬದಿಯ ಪಟ್ಟಿ ಉರಿಯುವುದು ಖಂಡಿತ. ಆ ನೋವು ಮಂಡಿ ಸುಮಾರು 30 ಡಿಗ್ರಿ ಮಡಚಿದಾಗ ಹೆಚ್ಚು, ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಎರಡು ವಾರ ಇಳಿಜಾರು ಬಿಟ್ಟು, ಹೆಜ್ಜೆ ಗಿಡ್ಡ ಮಾಡಿ, ಮೇಡಂ ಹೇಳಿದ ಕಪ್ಪೆಚಿಪ್ಪು ವ್ಯಾಯಾಮ ಹಿಡಿದರೆ ಸಾಮಾನ್ಯವಾಗಿ ತಗ್ಗುತ್ತದೆ.

ಸೈಕಲ್‌ನಲ್ಲಿ ಸೀಟಿನ ಎತ್ತರವೇ ಮುಖ್ಯ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿಗೆ ಇಟ್ಟು ಅತಿ ಕೆಳಕ್ಕೆ ತಂದಾಗ ಕಾಲು ಪೂರ್ತಿ ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರುತ್ತದೆ. ಸೀಟು ತಗ್ಗಾಗಿದ್ದರೆ ಮಂಡಿಯ ಮುಂದೆ ನೋವು, ಎತ್ತರವಾಗಿದ್ದರೆ ಹಿಂದೆ. ಭಾರದ ಗೇರಿನಲ್ಲಿ ತಿಣುಕಬೇಡಿ, ಹಗುರ ಗೇರಿನಲ್ಲಿ ವೇಗವಾಗಿ ತುಳಿಯಿರಿ.

ಚೌಕಿಮನೆ
ಯಕ್ಷಗಾನದವರ ಮಂಡಿಯ ಬಗ್ಗೆ ಯಾರೂ ಬರೆಯುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಯಕ್ಷಗಾನದ ಎರಡು ಶೈಲಿಗಳಲ್ಲಿ ಒಂದಾದ ಬಡಗುತಿಟ್ಟಿನಲ್ಲಿ ಮಂಡಿ ಕುಣಿತ ಇದೆ, ಮಂಡಿಯೂರಿ ರಂಗಸ್ಥಳದಲ್ಲಿ ಸುತ್ತುವುದು. ಇನ್ನೊಂದಾದ ತೆಂಕಿನಲ್ಲಿ ಧಿಗಿಣ, ಹಾರಿ ತಿರುಗಿ ಇಳಿಯುವುದು. ನೋವಿನ ಜಾಗ ಬೇರೆ ಬೇರೆ. ಮಂಡಿ ಕುಣಿತದಲ್ಲಿ ಪೆಟ್ಟು ಬೀಳುವುದು ಚಿಪ್ಪಿನ ಮುಂದಿನ ದ್ರವಚೀಲಕ್ಕೆ: ಕೋಳಿಮೊಟ್ಟೆಯಂತೆ ಮುಂದೆ ಊದುತ್ತದೆ, ಆದರೆ ಮಂಡಿ ಮಡಚಲು ಅಷ್ಟೇನೂ ಕಷ್ಟವಿರುವುದಿಲ್ಲ. ಟೈಲ್ಸ್ ಹಾಕುವವರಿಗೂ ಮಂಡಿಯೂರಿ ನೆಲ ಒರೆಸುವವರಿಗೂ ಬರುವುದು ಇದೇ. ನಡುವೆ ತೂತು ಮಾಡಿದ ದಪ್ಪ ಫೋಮ್ ಒಳಗೆ ಕಟ್ಟಿದರೆ ಒತ್ತಡ ಸುತ್ತಲಿಗೆ ಹಂಚಿಹೋಗುತ್ತದೆ. ಸೂಜಿಯಿಂದ ಚುಚ್ಚಿ ನೀರು ತೆಗೆಯುವ ಸಾಹಸ ಮನೆಯಲ್ಲಿ ಬೇಡವೇ ಬೇಡ, ಕೀವಾಗುತ್ತದೆ.

ಧಿಗಿಣದ ಪೆಟ್ಟು ಚಿಪ್ಪಿನ ಕೆಳಗಿನ ಸ್ನಾಯುರಜ್ಜಿಗೆ. ಮೇಳಗಳ ತಿರುಗಾಟ (ಊರೂರು ಸುತ್ತಿ ಆಡುವುದು) ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಕಾಲಿಗೆ ಕೆಲಸವಿಲ್ಲದೆ, ತಿರುಗಾಟ ಶುರುವಾದ ಮೊದಲ ವಾರವೇ ರಾತ್ರಿಗೆ ನೂರಾರು ಧಿಗಿಣ ಹಾಕಿದರೆ ಆ ರಜ್ಜು ತಾಳುವುದು ಹೇಗೆ? ಹೊರಡುವ ಆರೇಳು ವಾರ ಮೊದಲೇ ಕಾಲನ್ನು ಸಿದ್ಧಮಾಡಿಕೊಳ್ಳಬೇಕು.

ಫಿಸಿಯೋ_ಶಿವಮೊಗ್ಗ
ಚೌಕಿಮನೆಯವರೇ, ಬಹಳ ಒಳ್ಳೆಯ ಮಾತು ಹೇಳಿದಿರಿ. ಆ ರಜ್ಜಿನ ನೋವಿಗೆ ಅಲುಗದೆ ಹಿಡಿಯುವ ವ್ಯಾಯಾಮ ಹೊಂದುತ್ತದೆ. ಗೋಡೆಗೆ ಬೆನ್ನು ಕೊಟ್ಟು ಮಂಡಿ 60 ಡಿಗ್ರಿಯಷ್ಟು ಬಾಗಿಸಿ 45 ಸೆಕೆಂಡ್ ಹಿಡಿಯುವುದು, ಎರಡು ನಿಮಿಷ ಬಿಡುವು, ಹೀಗೆ 5 ಸಲ. ವೇಷ ಕಟ್ಟುವ ಮೊದಲೂ ಮಾಡಬಹುದು, ನೋವು ಸ್ವಲ್ಪ ಹೊತ್ತು ತಗ್ಗುತ್ತದೆ. ಭರತನಾಟ್ಯದವರಿಗೆ ಒಂದು ಮಾತು: ಅರೆಮಂಡಿಯಲ್ಲಿ (ಅರ್ಧ ಕೂತ ಭಂಗಿ) ಪಾದ ಹೊರಕ್ಕೆ ತಿರುಗುವುದು ಸೊಂಟದ ಕೀಲಿನಿಂದ ಬರಬೇಕು. ಸೊಂಟ ತೆರೆಯದಿದ್ದರೂ ಪಾದವನ್ನು ಬಲವಂತವಾಗಿ ಹೊರಳಿಸಿದರೆ ತಿರುಚುವ ಭಾರವೆಲ್ಲ ಮಂಡಿಗೆ. ಮಂಡಿಯ ನೇರಕ್ಕೆ ಪಾದದ ಎರಡನೇ ಬೆರಳು ಇದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ.

ಔಷಧದಂಗಡಿ_ಹಾಸನ
ಮಾತ್ರೆ, ಮುಲಾಮಿನ ವಿಷಯ ನಾನು ಹೇಳುತ್ತೇನೆ. ಮಂಡಿಗೆ ಮೊದಲು ಬಳಸಬೇಕಾದದ್ದು ಡೈಕ್ಲೋಫಿನ್ಯಾಕ್ ಜೆಲ್. ಟ್ಯೂಬಿನ ಮೇಲೆ ಡೈಎಥೈಲಮೈನ್ 1.16% ಎಂದಿರುತ್ತದೆ. ಜನ ಕಡಲೆಕಾಳಿನಷ್ಟು ಹಚ್ಚಿ ಉಪಯೋಗವಿಲ್ಲ ಅನ್ನುತ್ತಾರೆ. ಒಂದು ಮಂಡಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ, ದಿನಕ್ಕೆ 3ರಿಂದ 4 ಸಲ. ಸಲಕ್ಕೆ 2 ಗ್ರಾಂ, ದಿನಕ್ಕೆ 3 ಸಲ ಎಂದು ಹಿಡಿದರೂ 30 ಗ್ರಾಂ ಟ್ಯೂಬ್ ಐದೇ ದಿನಕ್ಕೆ ಮುಗಿಯುತ್ತದೆ. ತಿಂಗಳುಗಟ್ಟಲೆ ಬರುತ್ತಿದ್ದರೆ ಪ್ರಮಾಣ ಸಾಲದು ಎಂದೇ ಅರ್ಥ. ಒಂದೆರಡು ವಾರ ಬಿಡದೆ ಹಚ್ಚಿ ನೋಡಿ. ಗಾಯದ ಮೇಲೆ ಬೇಡ, ಹಚ್ಚಿದ ಮೇಲೆ ಬಿಸಿನೀರಿನ ಚೀಲ ಬೇಡ, ಕೈ ತೊಳೆಯಿರಿ.

ನುಂಗುವ ಮಾತ್ರೆಗಳು, ಅಂದರೆ ಡೈಕ್ಲೋಫಿನ್ಯಾಕ್, ಅಸೆಕ್ಲೋಫಿನ್ಯಾಕ್, ಐಬುಪ್ರೊಫೆನ್, ಎಟೊರಿಕಾಕ್ಸಿಬ್, ಇವು ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು, ಬಿ.ಪಿ. ಏರಿಕೆ, ಹೃದಯದ ತೊಂದರೆ ತರಬಲ್ಲವು. ಬಿ.ಪಿ.ಗೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಮಾತ್ರೆ ಜತೆಗೆ ಮೂತ್ರ ಹೋಗುವ ಮಾತ್ರೆಯನ್ನೂ ನುಂಗುವವರು ಇವುಗಳಲ್ಲಿ ಒಂದನ್ನು ಸೇರಿಸಿಕೊಂಡರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ. ವಾಂತಿಭೇದಿ ಆದ ದಿನವಂತೂ ಮುಟ್ಟಬಾರದು. ರಕ್ತ ತೆಳುವಾಗಿಸುವ ಮಾತ್ರೆ ಇರುವವರು ವೈದ್ಯರನ್ನು ಕೇಳದೆ ತಗೊಳ್ಳಬೇಡಿ. ಅಸೆಕ್ಲೋಫಿನ್ಯಾಕ್ ಮಾತ್ರೆಗಳಲ್ಲಿ ಅನೇಕವು 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಬೆರೆತೇ ಬರುತ್ತವೆ, ಮೇಲೆ ಬೇರೆ ಪ್ಯಾರಾಸಿಟಮಾಲ್ ನುಂಗುವ ಮುನ್ನ ಚೀಟಿ ಓದಿ. ಹಳೇ ಚೀಟಿ ತೋರಿಸಿ ಅದೇ ಮಾತ್ರೆ ವರ್ಷಗಟ್ಟಲೆ ಕೊಳ್ಳುವುದು ನನ್ನ ಕಣ್ಣಿಗೆ ದಿನವೂ ಬೀಳುವ ಸಂಕಟ.

ಇನ್ನೊಂದು, ಊರೂರಿಗೆ ಬರುವ ಹೆಸರಿಲ್ಲದ ಪುಡಿ, ಗುಳಿಗೆ. ಮೂರೇ ದಿನಕ್ಕೆ ಮಂಡಿನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ದುಂಡಗಾಗಿ, ಸಕ್ಕರೆ ಏರಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಅನುಮಾನ. ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಗೇ ನಿಲ್ಲಿಸುವುದೂ ಅಪಾಯ, ಸುಸ್ತಾಗಿ ಬಿ.ಪಿ. ಕುಸಿಯಬಹುದು. ಆ ಪುಡಿಯನ್ನೇ ಕೈಯಲ್ಲಿ ಹಿಡಿದು ವೈದ್ಯರ ಬಳಿ ಹೋಗಿ.

ಅಡಿಕೆ_ಅಂಗಳ
ಮನೆಮದ್ದಿನ ಬಗ್ಗೆ? ಎಕ್ಕದ ಎಲೆ ಬಿಸಿ ಮಾಡಿ ಕಟ್ಟುವುದು, ಸುಣ್ಣ ಅರಿಶಿನ ಹಚ್ಚುವುದು, ಉಪ್ಪಿನ ಶಾಖ, ಎಣ್ಣೆ. ಯಾವುದು ಸರಿ, ಯಾವುದು ಬೇಡ?

ದಾದಿ_ಕಲಬುರಗಿ
ಉಪ್ಪಿನ ಶಾಖ ಒಳ್ಳೆಯದು. ಹುರಿದ ಕಲ್ಲುಪ್ಪನ್ನು ದಪ್ಪ ಬಟ್ಟೆಯಲ್ಲಿ ಕಟ್ಟಿ, ಮೊದಲು ನಿಮ್ಮ ಮುಂಗೈಗೆ ಮುಟ್ಟಿಸಿ ನೋಡಿ, 15 ನಿಮಿಷ. ಬಿಗಿತಕ್ಕೆ ಶಾಖ, ಹೊಸದಾಗಿ ಊದಿ ಬಿಸಿಯಾದ ಮಂಡಿಗೆ ತಂಪು. ಮಂಜುಗಡ್ಡೆ ಒದ್ದೆ ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಶಾಖವೇ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಎಣ್ಣೆ ಎಳ್ಳಿನದಾಗಲಿ ಹರಳಿನದಾಗಲಿ ಹಿತ ಕೊಡುತ್ತದೆ, ಮೃದ್ವಸ್ಥಿ ಬೆಳೆಸುವುದಿಲ್ಲ. ಊದಿ ಕೆಂಪಾದ ಮಂಡಿಯನ್ನು ಒತ್ತಿ ತಿಕ್ಕಬಾರದು. ಎಕ್ಕದ ಹಾಲು ಚರ್ಮ ಬೊಬ್ಬೆಯೇಳಿಸುತ್ತದೆ, ಆ ಕೈ ಕಣ್ಣಿಗೆ ತಾಗಿದರೆ ಕಣ್ಣಿಗೇ ಅಪಾಯ. ಸುಣ್ಣ ಚರ್ಮವನ್ನು ಸುಡುತ್ತದೆ. ಇವೆರಡನ್ನೂ ಬಿಡಿ.

ಅಡಿಕೆ_ಅಂಗಳ
ಧನ್ಯವಾದ ಅಕ್ಕ. ಮನೆಯೊಳಗಿನ ಬದಲಾವಣೆಗಳ ಬಗ್ಗೆ ನಾನು ಹೇಳಬಲ್ಲೆ, ನೋವಿನ ಅರ್ಧ ಅಲ್ಲೇ ಇರುತ್ತದೆ. ಈಳಿಗೆಮಣೆಯನ್ನು ನೆಲದಿಂದ ಕಟ್ಟೆಗೆ ಏರಿಸಿ, ಇಲ್ಲವೇ ಚಾಕು ಮತ್ತು ಹಲಗೆ. ಬಟ್ಟೆ ಒಗೆಯುವ ಕಲ್ಲು ಸೊಂಟದೆತ್ತರಕ್ಕೆ. ಅಡಿಕೆ ಸುಲಿಯಲು, ಹೂ ಕಟ್ಟಲು ಗಿಡ್ಡ ಮಣೆ ಬಿಟ್ಟು ಮಂಡಿಯ ಹಿಂದಿನ ಮಡಿಕೆಯಷ್ಟು ಎತ್ತರದ ಕುರ್ಚಿ. ನೆಲದ ಪಾಯಖಾನೆ ಇರುವಲ್ಲಿ ಅದರ ಮೇಲಿಡುವ, ನಡುವೆ ತೂತಿರುವ ಗಟ್ಟಿ ಸ್ಟೂಲ್, ಪಕ್ಕದ ಗೋಡೆಗೆ ಹಿಡಿ. ಹಿಡಿಯನ್ನು ಸ್ಕ್ರೂ ಹಾಕಿ ಇಟ್ಟಿಗೆಗೆ ಭದ್ರಮಾಡಿ, ಟೈಲ್ಸಿಗೆ ಅಂಟಿಸುವ ರಬ್ಬರ್ ಕಪ್ಪಿನದು ಕಿತ್ತು ಬರುತ್ತದೆ.

ಫಿಸಿಯೋ_ಶಿವಮೊಗ್ಗ
ಇದಕ್ಕೊಂದು ಮಿತಿ ಹಾಕುತ್ತೇನೆ. ನೆಲಕ್ಕೆ ಕೂರುವುದನ್ನು ನೋವು ಕೆರಳಿರುವಾಗ ಬಿಡಿ, ಜನ್ಮಕ್ಕೇ ಬಿಡಬೇಕಿಲ್ಲ. ಪೂರ್ತಿ ಮಡಚುವುದನ್ನು ವರ್ಷಗಟ್ಟಲೆ ಬಿಟ್ಟರೆ ಮಂಡಿ ಬಿಗಿದು ನೆಲದಿಂದ ಏಳುವ ಶಕ್ತಿಯೇ ಹೋಗುತ್ತದೆ. ವಜ್ರಾಸನ, ಪದ್ಮಾಸನವನ್ನು ಮಾತ್ರ ನೋವಿರುವವರು ಹಟಕ್ಕೆ ಮಾಡಬೇಡಿ.

ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಲಿ. ಎತ್ತರ ನಿಂತಾಗ ಮಣಿಕಟ್ಟಿನ ಗೆರೆಗೆ ಸರಿಯಾಗಿರಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮಂಡಿಗೆ ಹಾಕುವ ನೀ ಕ್ಯಾಪ್ ಬೆಚ್ಚಗಿಟ್ಟು ಧೈರ್ಯ ಕೊಡುತ್ತದೆ, ಓಡಾಡುವಾಗ ಹಾಕಿ, ರಾತ್ರಿ ತೆಗೆಯಿರಿ.

ದಾದಿ_ಕಲಬುರಗಿ
ಯಾವಾಗ ಕಾಯಬಾರದು ಅನ್ನುವುದನ್ನು ಬರೆಯಲೇಬೇಕು. ಜ್ವರದೊಂದಿಗೆ ಒಂದೇ ಮಂಡಿ ಬಿಸಿಯಾಗಿ ಊದಿ, ಅಲುಗಿಸಲೂ ಆಗದಿದ್ದರೆ ಕೀಲಿನಲ್ಲಿ ಕೀವು ಇರಬಹುದು. ಅದೇ ದಿನ ಆಸ್ಪತ್ರೆ, ಒಂದೆರಡು ದಿನ ತಡವಾದರೂ ಮೃದ್ವಸ್ಥಿ ಹಾಳಾಗುತ್ತದೆ. ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಒಡೆದ ಬೇಕರ್ ಗಂಟೂ ಹಾಗೇ ಕಾಣುತ್ತದೆ, ಸ್ಕ್ಯಾನ್ ಮಾಡದೆ ಹೇಳಲಾಗದು, ತಿಕ್ಕಬೇಡಿ. ಬಿದ್ದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮಂಡಿ 90 ಡಿಗ್ರಿ ಮಡಚದಿದ್ದರೆ, ಇಲ್ಲವೇ ವಯಸ್ಸು 55 ಅಥವಾ ಹೆಚ್ಚಾಗಿದ್ದರೆ ಎಕ್ಸ್‌ರೇ ಬೇಕು. ಕುಂಟುತ್ತ "ಮಂಡಿನೋವು" ಅನ್ನುವ ಮಗುವಿನ ಸೊಂಟದ ಕೀಲನ್ನು ಪರೀಕ್ಷಿಸದೆ ಮನೆಗೆ ಕಳಿಸಬಾರದು, ಸೊಂಟದ ರೋಗಗಳು ಮಕ್ಕಳಲ್ಲಿ ಮಂಡಿನೋವಾಗಿಯೇ ಕಾಣಿಸಿಕೊಳ್ಳುತ್ತವೆ.

ಕೀಲುಮೂಳೆ_ಧಾರವಾಡ
ಅದರ ಮುಂದುವರಿಕೆಯಾಗಿ, ಸವೆತವಲ್ಲದ ಕಾರಣಗಳು. ಬೆಳಗಿನ ಬಿಗಿತ ಗಂಟೆಗಟ್ಟಲೆ ಇದ್ದು ಕೈಬೆರಳ ಗೆಣ್ಣುಗಳೂ ಊದಿದ್ದರೆ ಆಮವಾತ (ರುಮಟಾಯ್ಡ್) ಇರಬಹುದು. ರಾತ್ರೋರಾತ್ರಿ ಮಂಡಿ ಕೆಂಪಾಗಿ ಮುಟ್ಟಿಸಿಕೊಳ್ಳದಂತಾದರೆ ಗೌಟ್ ಇರಬಹುದು, ಅಂದರೆ ಯೂರಿಕ್ ಆಮ್ಲದ ಹರಳು ಕೀಲಿನಲ್ಲಿ ಕೂತು ಬರುವ ಊತ. ನೋವಿನ ದಿನ ಯೂರಿಕ್ ಆಮ್ಲ ಸರಿಯಾಗಿಯೇ ಬರಬಹುದು, ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ನೋಡಬೇಕು. ಖಚಿತ ಉತ್ತರ ಕೀಲಿನ ನೀರು ತೆಗೆದು ಹರಳು ನೋಡಿದಾಗ ಮಾತ್ರ. ಒಂದೇ ಮಂಡಿ ತಿಂಗಳುಗಟ್ಟಲೆ ಊದಿ ತೊಡೆ ಸೊರಗುತ್ತ ಬಂದರೆ ನಮ್ಮ ದೇಶದಲ್ಲಿ ಕ್ಷಯವನ್ನು ಮರೆಯಬಾರದು. 2006ರಲ್ಲಿ ಕರ್ನಾಟಕದ ಜಿಲ್ಲೆ ಜಿಲ್ಲೆಗಳಲ್ಲಿ ಹಬ್ಬಿದ ಚಿಕುನ್‌ಗುನ್ಯಾ ನೆನಪಿರುವವರಿಗೆ ಗೊತ್ತು, ಜ್ವರ ವಾರದಲ್ಲಿ ಹೋದರೂ ಕೀಲುನೋವು ತಿಂಗಳುಗಟ್ಟಲೆ ಉಳಿಯುತ್ತದೆ.

ಪಾವಗಡ, ಬಾಗೇಪಲ್ಲಿ ಕಡೆಯ ಕೊಳವೆಬಾವಿ ನೀರು ಕುಡಿಯುವವರಲ್ಲಿ ಮಂಡಿಯ ಜತೆ ಕುತ್ತಿಗೆ, ಬೆನ್ನೂ ಬಿಗಿಯುತ್ತ ಬಂದರೆ ಫ್ಲೋರೈಡ್ ಪರೀಕ್ಷಿಸಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಸಾಂದ್ರವಾಗುತ್ತದೆ.

ಗೋಡಂಬಿ_ತೋಪು
ಇಂಜೆಕ್ಷನ್, ಆಪರೇಷನ್ ಬಗ್ಗೆಯೂ ಹೇಳಿ ಡಾಕ್ಟ್ರೇ. "ಪಿಆರ್‌ಪಿ ಹಾಕಿಸಿದರೆ ಮೃದ್ವಸ್ಥಿ ಬೆಳೆಯುತ್ತದೆ" ಎಂಬ ಜಾಹೀರಾತು ಎಲ್ಲೆಲ್ಲೂ ಇದೆ.

ಕೀಲುಮೂಳೆ_ಧಾರವಾಡ
ಆ ಭರವಸೆಗೆ ಆಧಾರವಿಲ್ಲ. 2021ರಲ್ಲಿ ಆಸ್ಟ್ರೇಲಿಯಾದಲ್ಲಿ ಪಿಆರ್‌ಪಿಯನ್ನು, ಅಂದರೆ ರೋಗಿಯದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ತುಂಬಿದ ದ್ರವವನ್ನು, ಬರೀ ಉಪ್ಪುನೀರಿನ ಇಂಜೆಕ್ಷನ್ನಿನೊಂದಿಗೆ ಹೋಲಿಸಿದರು. ವರ್ಷದ ಕೊನೆಗೆ ನೋವಿನಲ್ಲೂ ವ್ಯತ್ಯಾಸವಿಲ್ಲ, ಮೃದ್ವಸ್ಥಿಯಲ್ಲೂ ಇಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸುತ್ತದೆ. ಊತ ಕೆರಳಿ ವ್ಯಾಯಾಮವೇ ಆಗದವರಿಗೆ ಒಂದು ಅವಕಾಶ ತೆರೆಯಲು ಅದು ಸಾಕು. ಮೂರು ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟು ನೋಡಿದ 2017ರ ಅಧ್ಯಯನದಲ್ಲಿ ಮೃದ್ವಸ್ಥಿ ಹೆಚ್ಚು ತೆಳುವಾಯಿತು, ನೋವು ಕಡಿಮೆಯಾಗಲಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇಂಜೆಕ್ಷನ್ ಆದ ಕೆಲವು ದಿನ ಸಕ್ಕರೆ ಏರುತ್ತದೆ, ಅಳೆಯುತ್ತಿರಿ.

ಮಂಡಿ ಬದಲಿಸುವುದು ಗ್ರೇಡ್ ನೋಡಿ ಅಲ್ಲ. ಆರೇಳು ತಿಂಗಳು ಇದೆಲ್ಲ ಮಾಡಿಯೂ ರಾತ್ರಿ ನಿದ್ದೆ ಇಲ್ಲ, ಬೀದಿಯ ತುದಿಯವರೆಗೂ ನಡೆಯಲಾಗದು ಎಂಬ ಸ್ಥಿತಿಯಲ್ಲಿ ಅದು ಒಳ್ಳೆಯ ಶಸ್ತ್ರಚಿಕಿತ್ಸೆ. ಹತ್ತರಲ್ಲಿ ಎಂಟು ಕೃತಕ ಮಂಡಿಗಳು 25 ವರ್ಷ ಬಾಳುತ್ತವೆ ಎಂದು ವಿದೇಶಗಳ ದಾಖಲೆಗಳಿಂದ ಲೆಕ್ಕಹಾಕಿದ್ದಾರೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಮಂಡಿಯ ಬೆಲೆಗೆ, ಜಿಎಸ್‌ಟಿ ಬಿಟ್ಟು, 54,720 ರೂಪಾಯಿ ಮಿತಿ ಹಾಕಿತು. ಅದಕ್ಕೂ ಮೊದಲು ಸರಾಸರಿ 1,58,324 ಇತ್ತು. ಈಗಿನ ಮಿತಿ ಎಷ್ಟೆಂದು ಕೇಳಿ, ಬಿಲ್ಲಿನಲ್ಲಿ ಮಂಡಿಯ ಬೆಲೆಯನ್ನು ಬೇರೆಯಾಗಿ ಬರೆಸಿ.

ನಿಮ್ಮ ತಾಯಿಯವರಿಗೆ ಸದ್ಯ ಇದ್ಯಾವುದೂ ಬೇಡ. ತೂಕದ ಮಾತು ಮುಖ್ಯ. 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕೆ.ಜಿ. ಕಡಿಮೆ. 72ರಲ್ಲಿ ಶೇ. 5 ಅಂದರೆ 3.6 ಕೆ.ಜಿ., ಆರು ತಿಂಗಳಲ್ಲಿ ಆಗುವ ಮಾತು. ಅನ್ನ ಅಥವಾ ಮುದ್ದೆ ಮೂರನೇ ಒಂದು ಭಾಗ ಕಡಿಮೆ, ಆ ಜಾಗಕ್ಕೆ ಹುರುಳಿ, ಹೆಸರುಕಾಳು, ಸೊಪ್ಪು. ಬರೀ ಉಪವಾಸ ಮಾಡಿದರೆ ತೊಡೆಯ ಸ್ನಾಯುವೂ ಕರಗುತ್ತದೆ.

ಗೋಡಂಬಿ_ತೋಪು
ನಡಿಗೆ ನಿಲ್ಲಿಸಬೇಕೇ ಅನ್ನುವುದು ಉಳಿಯಿತು. ಮತ್ತೆ ನೋವು ಕೆರಳಿದ ದಿನ ಏನು ಮಾಡಬೇಕು?

ಫಿಸಿಯೋ_ಶಿವಮೊಗ್ಗ
ನಿಲ್ಲಿಸಬೇಡಿ, ತುಂಡು ಮಾಡಿ. ಒಂದೇ ಸಲ 40 ನಿಮಿಷದ ಬದಲು ಹತ್ತು ಹತ್ತು ನಿಮಿಷ ಮೂರು ಹೊತ್ತು, ಸಮತಟ್ಟಾದ ದಾರಿಯಲ್ಲಿ, ಹಿಮ್ಮಡಿ ಸವೆಯದ ಚಪ್ಪಲಿ ಹಾಕಿಕೊಂಡು. ವಾರಕ್ಕೆ ಒಂದೆರಡು ನಿಮಿಷ ಹೆಚ್ಚಿಸಿ.

ಕೆರಳಿದರೆ ಎರಡು ಮೂರು ದಿನ ಮೆಟ್ಟಿಲು ಹತ್ತಿಳಿಯುವುದು, ನೆಲಕ್ಕೆ ಕೂರುವುದು ಬಿಟ್ಟು, ಜೆಲ್ ಹಚ್ಚಿ, ಊತವಿದ್ದರೆ ತಂಪು ಇಡಿ. ಟವೆಲ್ ಒತ್ತುವ ವ್ಯಾಯಾಮ ಆ ದಿನಗಳಲ್ಲೂ ನಡೆಯಲಿ. ಮೂರನೇ ದಿನದಿಂದ ದಿಂಬಿನ ಕುರ್ಚಿಗೆ ಮರಳಿ. ಕೆರಳುವುದಕ್ಕೆ ಹಿಂದಿನ ಎರಡು ದಿನ ಏನೇನು ಮಾಡಿದರು ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ, ನಾಲ್ಕು ಸಲ ಬರೆಯುವಷ್ಟರಲ್ಲಿ ಕಾರಣ ಕಣ್ಣಿಗೆ ಕಾಣುತ್ತದೆ.

ಇಂದೇ ಒಂದು ಅಳತೆ ತೆಗೆದುಕೊಳ್ಳಿ. ಕೈ ಎದೆಗೆ ಕಟ್ಟಿ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಎಣಿಸಿ. 60ರಿಂದ 64 ವರ್ಷದ ಹೆಂಗಸರಿಗೇ 12ಕ್ಕಿಂತ ಕಡಿಮೆ ಅಂದರೆ ಕಾಲಿನ ಬಲ ಸಾಲದು, ಅಮ್ಮನಿಗಿನ್ನೂ 54. ಇವತ್ತಿನ ಸಂಖ್ಯೆಯನ್ನು ಇಲ್ಲಿ ಬರೆಯಿರಿ, ಆರು ವಾರ ಬಿಟ್ಟು ಮತ್ತೆ ಎಣಿಸೋಣ.

ಗೋಡಂಬಿ_ತೋಪು
ಎಣಿಸಿದೆ ಮೇಡಂ. 7. ಎಂಟನೆಯದಕ್ಕೆ ಕೈ ಊರಿದರು.

ಫಿಸಿಯೋ_ಶಿವಮೊಗ್ಗ
7 ಅಂತಲೇ ಬರೆದಿಡಿ, ಕೈ ಊರಿದ್ದು ಲೆಕ್ಕಕ್ಕಿಲ್ಲ. ನಾಳೆ ಬೆಳಗ್ಗೆ ಟವೆಲಿನಿಂದ ಶುರು, ಜೆಲ್ ಮೂರು ಹೊತ್ತು, ರಾತ್ರಿ ತೊಡೆಗಳ ನಡುವೆ ದಿಂಬು. ಎರಡು ವಾರಕ್ಕೆ ಊತ ಹೇಗಿದೆ ಎಂದು ತಿಳಿಸಿ, ಕುರ್ಚಿಯ ಎತ್ತರ ಆಗ ನಿರ್ಧರಿಸೋಣ.